ಸ್ವಭಾವ: ದುಷ್ಟ

ಮಿಲ್ ಲೇಕ್, ವಿಸ್ಕಾನ್ಸಿನ್
16 ನವೆಂಬರ್ 1980

ಅಪ್ಪನಿಗೆ,

ನಿನ್ನ ಕಾಗದ ಬಂತು. ಛಾವಣಿಯ ಹಿಮ ಕೆಡವಲು ಏಣಿ ಹತ್ತಬೇಡ ಎಂದು ನಾನು ಬರೆದದ್ದಕ್ಕೆ, ಹತ್ತಿ ಇಳಿದಾಯಿತು ಎಂದು ಉತ್ತರ ಬರೆದಿದ್ದೀಯ. ನಿನಗೆ ಬುದ್ಧಿ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ನಾನು ಇಲ್ಲಿ ಮಾಡುವ ಕೆಲಸವೇನು ಎಂದು ಮತ್ತೆ ಕೇಳಿದ್ದೀಯ. ಚಪ್ಪಲಿ ಹೊಲಿಯುವವನ ಅಂಗಡಿಯ ಮೇಲಿರುವ ಎರಡು ಕೋಣೆಯೇ ನಮ್ಮ ಕಂಪನಿ. ಮಾರುವುದು ಒಂದು ಆಟವನ್ನು. ಐದಾರು ಜನ ಮೇಜಿನ ಸುತ್ತ ಕೂರುತ್ತಾರೆ. ಇಸ್ಪೀಟಿನ ಎಲೆ ಇಲ್ಲ, ಪಂದ್ಯ ಕಟ್ಟುವುದೂ ಇಲ್ಲ. ಒಬ್ಬ ತಾನು ಯೋಧ ಎಂದುಕೊಳ್ಳುತ್ತಾನೆ, ಇನ್ನೊಬ್ಬಳು ಮಾಟಗಾತಿ, ಮತ್ತೊಬ್ಬ ಕಳ್ಳ. 'ನಾನು ಈಗ ಬಾಗಿಲು ಒಡೆಯುತ್ತೇನೆ' ಎಂದು ಬಾಯಲ್ಲಿ ಹೇಳಿದರೆ ಸಾಕು, ಬಾಗಿಲು ಒಡೆಯಿತೋ ಇಲ್ಲವೋ ದಾಳ ಹೇಳುತ್ತದೆ. ಅವರು ಹೋಗುವ ಊರು ಹೇಗಿದೆ, ಅಲ್ಲಿ ಯಾರಿದ್ದಾರೆ, ಏನು ಅಪಾಯ ಕಾದಿದೆ ಎಂಬುದೆಲ್ಲ ಆಟ ನಡೆಸುವವರ ಕೈಯಲ್ಲಿರುವ ಸಣ್ಣ ಪುಸ್ತಕದಲ್ಲಿ ಇರುತ್ತದೆ. ಆ ಪುಸ್ತಕ ಬರೆಯುವುದು ನನ್ನ ಕೆಲಸ. ದೊಡ್ಡ ಹುಡುಗಿ ಇಂಥದ್ದಕ್ಕೆ ಸಂಬಳ ತೆಗೆದುಕೊಳ್ಳುತ್ತಾಳಾ ಎಂದು ನಗಬೇಡ.

ನನ್ನ ಮೊದಲನೆಯದು ಹೋದ ವಾರ ಅಚ್ಚಾಯಿತು. 'ಬೂದಿ ಕಣಿವೆ' ಎಂದು ಹೆಸರು. ಗಣಿಯೊಂದನ್ನೇ ನಂಬಿಕೊಂಡ ಕಣಿವೆ, ಕೆಟ್ಟ ಒಡೆಯ, ಹಸಿದ ಜನ, ಮೇಲೆ ಬಂದು ಬೀಳುವ ರಕ್ಕಸರು. ಮುಖಪುಟದಲ್ಲಿ ನನ್ನ ಹೆಸರಿದೆ. ನಿನಗೆ ಕಳಿಸುತ್ತಿಲ್ಲ, ಪೂರ್ತಿ ಇಂಗ್ಲಿಷು, ಓದಿ ತಲೆನೋವು ತಂದುಕೊಳ್ಳುತ್ತೀಯ. ಕ್ರಿಸ್ಮಸ್‌ಗೆ ಬೆಚ್ಚನೆಯ ಕಾಲುಚೀಲ ಕಳಿಸುತ್ತೇನೆ.

ಇರ್ಮಾ


ರೌತಲಾ, ಮಿಷಿಗನ್
3 ಡಿಸೆಂಬರ್ 1980

ಮಗಳೇ,

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನನ್ನ ಹೆಗ್ಗಣದ ಹೆಸರು ಅಚ್ಚಾಗಿ ಬಂದಿದೆ, ನಾನು ಕಾಲುಚೀಲ ಹಾಕಿಕೊಂಡು ಸುಮ್ಮನೆ ಕೂರಬೇಕಂತೆ.

ಬಸ್ಸು ಹತ್ತಿ ಪೇಟೆಗೆ ಹೋಗಿದ್ದೆ. ಆಟಿಕೆ ಅಂಗಡಿಯಲ್ಲಿ, ರೈಲುಬಂಡಿಗಳ ಪಕ್ಕದಲ್ಲಿ ಇಟ್ಟಿದ್ದರು. ಅಂಗಡಿಯವನು "ಯಾರಿಗೆ ತಾತ, ಮೊಮ್ಮಕ್ಕಳಿಗಾ?" ಅಂದ. "ನನಗೇ ಕಣಯ್ಯ, ಬರೆದವಳು ನನ್ನ ಮಗಳು" ಅಂದೆ. ಅವನು ಮುಖಪುಟ ನೋಡಿ, ನನ್ನ ಮುಖ ನೋಡಿ, ಕಾಗದ ಸುತ್ತಿಕೊಟ್ಟ. ಇದ್ದಷ್ಟನ್ನೂ ತಂದೆ.

ಒಂದು ನನಗೆ. ಉಳಿದವನ್ನು ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೆ ಕೂತಾಗ ಹಂಚುತ್ತೇನೆ. ಹಿಲ್ಜಾಗೆ ಒಂದು, ಐನೊ ಮಾಕಿಗೆ ಒಂದು, ಪಾದ್ರಿಗೆ ಒಂದು. ನಮಗೆ ಯಾರಿಗೂ ಇಂಗ್ಲಿಷು ಸರಿಯಾಗಿ ಓದಲು ಬರುವುದಿಲ್ಲ ನಿಜ. ಹಿಲ್ಜಾಳ ಮೊಮ್ಮಗಳು ಸಿಲ್ವಿ ಹೈಸ್ಕೂಲಿನಲ್ಲಿದ್ದಾಳಲ್ಲ, ಅವಳು ನಿಮ್ಮ ಆಟದ ಹುಚ್ಚು ಹಿಡಿಸಿಕೊಂಡವಳೇ. ಗಟ್ಟಿಯಾಗಿ ಓದಿ ನಮ್ಮ ಫಿನ್ನಿಶ್ ಭಾಷೆಯಲ್ಲಿ ಹೇಳುತ್ತಾಳೆ. ಗೊತ್ತು ಮಾಡಿ ಬಂದಿದ್ದೇನೆ.

ಆ ಮೇಜಿನಲ್ಲಿ ನಾನು ಮಾತಾಡಿದ್ದು ಕಡಿಮೆ. ಏಲಕ್ಕಿ ಬ್ರೆಡ್ಡು ತಿಂದು, ಹಿಮದ ಬಗ್ಗೆ ಎರಡು ಮಾತಾಡಿ ಎದ್ದು ಬರುತ್ತೇನೆ. ಈ ಸಲ ಹೇಳಲು ಏನೋ ಇದೆ.

ಅಪ್ಪ


ಮಿಲ್ ಲೇಕ್
6 ಡಿಸೆಂಬರ್ 1980

ಅಪ್ಪನಿಗೆ,

ಇಂದು ಶನಿವಾರ. ನಾಳೆಯೇ ಭಾನುವಾರ. ಈ ಕಾಗದ ನಿನ್ನ ಕೈ ಸೇರುವಾಗ ಎಲ್ಲ ಮುಗಿದಿರುತ್ತದೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಈಗ ತಾನೇ ಫೋನಿನಲ್ಲಿ ನಾನು ಹೇಳಿದ್ದನ್ನು ನೀನು ತಪ್ಪು ತಿಳಿದುಕೊಂಡೆ. "ಆ ಪುಸ್ತಕ ಯಾರಿಗೂ ಕೊಡಬೇಡಪ್ಪ" ಅಂದೆ. "ಯಾಕೆ?" ಅಂದೆ ನೀನು. ರೌತಲಾದ ನಮ್ಮ ಬೀದಿಯಲ್ಲಿ ನಾಲ್ಕು ಮನೆಗೆ ಒಂದೇ ಲೈನು, ಯಾರೋ ರಿಸೀವರ್ ಎತ್ತಿಕೊಂಡು ಉಸಿರಾಡುತ್ತಿದ್ದದ್ದು ನನಗೆ ಕೇಳುತ್ತಿತ್ತು. "ಸುಮ್ನೆ, ಬೇಡ" ಅಂದೆ. ನೀನು ನಕ್ಕೆ. "ಅಮ್ಮನ ಹಾಗೇ ನೀನು. ಹೊಗಳಿಸ್ಕೊಳ್ಳೋಕೂ ನಾಚಿಕೆ" ಅಂದುಬಿಟ್ಟೆ.

ನಾಚಿಕೆ ಹೌದು. ಆ ನಾಚಿಕೆಯಲ್ಲ.

ಪುಸ್ತಕದಲ್ಲಿ ಗಣಿಗೆ ಒಂದು ಗೇಟು ಇದೆ. ಗೇಟಿಗೆ ಒಬ್ಬ ಕಾವಲುಗಾರ. ಇದಕ್ಕಿಂತ ಹೆಚ್ಚು ಬರೆಯಲು ಕೈ ಬರುತ್ತಿಲ್ಲ. ಸಿಲ್ವಿಗೆ ಗಂಟಲು ಕಟ್ಟಲಿ, ಹಿಮ ಬಿದ್ದು ಚರ್ಚಿನ ಬಾಗಿಲು ಮುಚ್ಚಿಹೋಗಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ದೇವರನ್ನು ನಾನು ಏನಾದರೂ ಕೇಳಿ ಎಷ್ಟು ವರ್ಷವಾಯಿತೋ.

ಇರ್ಮಾ


ರೌತಲಾ
11 ಡಿಸೆಂಬರ್ 1980

ಇರ್ಮಾ,

ನಿನ್ನ ಅಪ್ಪ ವೈನೊ ಇದನ್ನೆಲ್ಲ ಬರೆಯುವವನಲ್ಲ, ಅದಕ್ಕೇ ಹಿಲ್ಜಾ ಅತ್ತೆ ಬರೆಯುತ್ತಿದ್ದಾಳೆ. ನೀನು ಚಿಕ್ಕವಳಿದ್ದಾಗ ನಿನ್ನ ಜಡೆ ಹೆಣೆದ ಕೈ ಇದು, ಆ ಸಲಿಗೆಯಿಂದಲೇ ಎರಡು ಮಾತು ಹೆಚ್ಚು ಆಡುತ್ತೇನೆ.

ಭಾನುವಾರ ವೈನೊ ಕೋಟು ಉಜ್ಜಿ, ಟೈ ಕಟ್ಟಿಕೊಂಡು ಬಂದ. ನಿನ್ನ ಅಮ್ಮನನ್ನು ಮಣ್ಣು ಮಾಡಿದ ದಿನ ಕಟ್ಟಿದ್ದ ಟೈ. ಎಲ್ಲರ ಬಟ್ಟಲಿನ ಪಕ್ಕ ಒಂದೊಂದು ಪುಸ್ತಕ ಇಟ್ಟ. "ಓದಮ್ಮಾ ಸಿಲ್ವಿ, ಜೋರಾಗಿ ಓದು. ಐನೋಗೆ ಕಿವಿ ಸ್ವಲ್ಪ ಮಂದ" ಅಂದ.

ಸಿಲ್ವಿ ಚೆನ್ನಾಗಿಯೇ ಓದಿದಳು. ಕಣಿವೆ ಬಂತು, ನದಿ ಬಂತು, ಗಿರಣಿ ಬಂತು. "ಏಯ್, ಇದು ನಮ್ಮ ಕೆಂಪು ಹೊಳೆ ಕಣ್ರೋ" ಅಂದ ಐನೊ. ಎಲ್ಲರೂ ನಕ್ಕೆವು. ಬ್ರೆಡ್ಡು ಸುಡುವ ಮುದುಕಿಯೊಬ್ಬಳು ಬಂದಳು, "ಹಿಲ್ಜಾ, ನೀನೇ ಇದು" ಅಂದರು, ನಾನೂ ನಕ್ಕೆ. ನಿನ್ನ ಅಪ್ಪ ನಗುತ್ತಿದ್ದದ್ದು ನೋಡಬೇಕಿತ್ತು. ಅವನು ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ನಾನು ಮರೆತೇಬಿಟ್ಟಿದ್ದೆ.

ಆಮೇಲೆ ಗೇಟು ಬಂತು. ಪಾಪದ ಹುಡುಗಿ ಓದುತ್ತ ಓದುತ್ತ ಹೇಳುತ್ತ ಹೋದಳು. "ಗೇಟಿನ ಕಾವಲುಗಾರ. ಎತ್ತರದ ಆಳು. ಎಡಗೈಯಲ್ಲಿ ಎರಡು ಬೆರಳಿಲ್ಲ. ಮಾತಾಡೋಕೆ ಮೊದಲು ಗಂಟಲು ಸರಿ ಮಾಡ್ಕೋತಾನೆ. ಮುಂಜಾನೆ ರಕ್ಕಸರ ಬಂಡಿಗಳಿಗೆ ಬಾಗಿಲು ತೆಗೆದು ಗಣಿಯವರನ್ನ ಹಿಡಿದುಕೊಟ್ಟವನು ಇವನೇ. ಅದಕ್ಕೆ ಸಿಕ್ಕ ಬೆಳ್ಳಿಯ ಚೀಲ ಈಗಲೂ ಅವನ ಜೇಬಲ್ಲಿದೆ. ಸ್ವಭಾವ: ದುಷ್ಟ." ಅಷ್ಟು ಹೇಳಿದ ಮೇಲೆ ಅವಳಿಗೆ ಹೊಳೆಯಿತು. ಅವಳ ಕಣ್ಣು ನಿನ್ನ ಅಪ್ಪನ ಎಡಗೈಗೆ ಹೋಯಿತು.

ಆಗ ವೈನೊ ಗಂಟಲು ಸರಿ ಮಾಡಿಕೊಂಡ. ಬೇಕೆಂದು ಮಾಡಿದ್ದಲ್ಲ, ಅವನ ರೂಢಿ. ಒಬ್ಬರೂ ಒಬ್ಬರ ಮುಖ ನೋಡಲಿಲ್ಲ. "ಚೆನ್ನಾಗಿ ಬರೆದಿದ್ದಾಳೆ" ಅಂದ ಐನೊ. ಅದಕ್ಕಿಂತ ಅವನು ಬೈದಿದ್ದರೇ ವಾಸಿಯಾಗಿತ್ತು. ನಿನ್ನ ಅಪ್ಪ ಎದ್ದು, ತನ್ನ ಬಟ್ಟಲು ತಾನೇ ತೊಳೆದು ಬೋರಲು ಹಾಕಿ ಹೋದ. ಪುಸ್ತಕಗಳು ಬಟ್ಟಲುಗಳ ಪಕ್ಕದಲ್ಲೇ ಉಳಿದವು. ತೆಗೆದುಕೊಂಡು ಹೋಗಲೂ ಆಗಲಿಲ್ಲ, ಬಿಟ್ಟು ಹೋಗಲೂ ಆಗಲಿಲ್ಲ ನಮಗೆ.

ಮುಷ್ಕರದ ಚಳಿಗಾಲದಲ್ಲಿ ಗಣಿ ಕಂಪನಿಯವರು ಹೊರಗಿನ ಆಳುಗಳನ್ನು ಲಾರಿಗಳಲ್ಲಿ ತಂದಾಗ ಗೇಟು ತೆಗೆದವನು ನಿನ್ನ ಅಪ್ಪ ಎಂಬುದು ಈ ಊರಿನ ಬೆಕ್ಕಿಗೂ ಗೊತ್ತು. ಅಲ್ಲಿಗೆ ನಾವು ಸೋತೆವು. ನನ್ನ ಗಂಡ ಅರ್ವೊ ಕೆಲಸ ಹುಡುಕಿಕೊಂಡು ಡೆಟ್ರಾಯ್ಟಿಗೆ ಹೋದ, ಅಲ್ಲಿ ಕಾರಿನ ಕಾರ್ಖಾನೆಯಲ್ಲೇ ಬಿದ್ದು ಸತ್ತ. ವೈನೊ ದುಡ್ಡು ತಿಂದ ಎಂದು ಬೆನ್ನ ಹಿಂದೆ ಎಲ್ಲರೂ ಆಡಿಕೊಂಡರು, ನಾನೂ ಆಡಿದ್ದೇನೆ. ಆದರೆ ಅವನ ಎದುರಿಗೆ ಯಾರೂ ಆಡಲಿಲ್ಲ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಅವನ ಜೊತೆ ಕಾಫಿ ಕುಡಿದಿದ್ದೇವೆ. ಅದು ಸುಲಭದ ಕೆಲಸ ಅಂದುಕೊಂಡೆಯಾ? ಕಟ್ಟಿಕೊಂಡದ್ದನ್ನೆಲ್ಲ ನೀನು ಒಂದು ಪುಟದಲ್ಲಿ ಕೆಡವಿದೆ.

ನಾವು ಪರಕೀಯರು, ಏನೋ ಅಂದುಕೊಂಡೆವು. ನೀನು ಮಗಳು. ನಿನಗೆ ಯಾರು ಹೇಳಿದರು ಬೆಳ್ಳಿಯ ಚೀಲ ಎಂದು?

ಹಿಲ್ಜಾ ಸಾಲೊ


ರೌತಲಾ
22 ಫೆಬ್ರುವರಿ 1981

ಇರ್ಮಾ,

ನಿನ್ನ ಕಾಗದಗಳು ಬಂದಿವೆ. ಒಡೆದು ಓದಿದ್ದೇನೆ. ಎಲ್ಲದರಲ್ಲೂ ಕ್ಷಮಿಸು ಎಂದಿದೆ. ಸಾಕು, ಅಂಚೆಚೀಟಿ ದಂಡ.

ಇವತ್ತು ಭಾನುವಾರ, ಕಾಫಿಯ ಹೊತ್ತು. ಮನೆಯಲ್ಲೇ ಇದ್ದೇನಾದ್ದರಿಂದ ಬರೆಯುತ್ತಿದ್ದೇನೆ. ಕ್ರಿಸ್ಮಸ್‌ಗೂ ಚರ್ಚಿಗೆ ಹೋಗಲಿಲ್ಲ. ಅಂಗಡಿಗೆ ಹೋದರೆ ಎಡಗೈ ಜೇಬಿನಿಂದ ತೆಗೆಯುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಪಾಡು, ಗೊತ್ತು. ಆದರೂ ಕೈ ಹೊರಗೆ ಬರುವುದಿಲ್ಲ.

ಸಿಲ್ವಿ ಬಂದಿದ್ದಳು. ಮೆಟ್ಟಿಲ ಮೇಲೆ ನಿಂತು ಅತ್ತಳು. ಓದಿದ್ದು ಅವಳ ತಪ್ಪೇ? ಸಮಾಧಾನ ಮಾಡಿದೆ. "ತಾತ, ಶುಕ್ರವಾರ ನಮ್ಮನೇಲಿ ಆಟ ಇದೆ, ಬಂದು ನೋಡಿ. ಅದು ಬರೀ ಆಟ ತಾತ" ಅಂದಳು. ಹಿಲ್ಜಾ ಮನೆಯಲ್ಲಿ ಇರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಹೋದೆ.

ಅಡುಗೆಮನೆಯ ಮೇಜಿಗೆ ನಾಲ್ಕು ಜನ. ಸಿಲ್ವಿ ನಿನ್ನ ಪುಸ್ತಕಕ್ಕೆ ಅಡ್ಡ ರಟ್ಟು ನಿಲ್ಲಿಸಿಕೊಂಡು ಆಟ ನಡೆಸುತ್ತಿದ್ದಳು. ಐನೊನ ಮೊಮ್ಮಗ ಕತ್ತಿವೀರನಂತೆ, ಅವನಿಗೆ ಜೇಬಿನಲ್ಲಿ ಕರ್ಚೀಫು ಇಟ್ಟುಕೊಳ್ಳಲು ಬರುವುದಿಲ್ಲ. ಗೇಟಿನ ಹತ್ತಿರ ಬಂದರು. ಸಿಲ್ವಿ ನನ್ನ ಕಡೆ ನೋಡಿ, ಬೆರಳು ಗಿರಳು ಹೇಳದೆ, "ಒಬ್ಬ ಕಾವಲುಗಾರ ನಿಂತಿದ್ದಾನೆ" ಅಂದಳು.

"ನನ್ನ ಹತ್ರ ಸ್ವಭಾವ ತಿಳಿಯೋ ಮಂತ್ರ ಇದೆ. ಹಾಕ್ತೀನಿ" ಅಂದಳು ಮಾಟಗಾತಿ.

"ದುಷ್ಟ" ಅಂದಳು ಸಿಲ್ವಿ, ಮೆಲ್ಲಗೆ.

ಕತ್ತಿವೀರ ದಾಳ ಉರುಳಿಸಿದ. ಕಾವಲುಗಾರ ಸತ್ತ. ಜೇಬು ತಡಕಿ ಬೆಳ್ಳಿ ಹಂಚಿಕೊಂಡರು. ಒಂದು ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

"ಯಾಕೋ ಹೊಡೆದೆ ಅವನನ್ನ?" ಅಂದೆ.

"ದುಷ್ಟ ಅಲ್ವಾ ತಾತ. ಹೊಡೆದ್ರೆ ನಮಗೇನೂ ಪಾಪ ಇಲ್ಲ."

"ಯಾಕೆ ಹಾಗ್ಮಾಡ್ದೆ ಅಂತ ಒಂದ್ಮಾತು ಕೇಳಲ್ವಾ?"

ಅವನು ಸಿಲ್ವಿಯ ಮುಖ ನೋಡಿದ. ಅವಳು ಪುಟ ತಿರುವಿ ಹುಡುಕಿದಳು. "ಕೇಳಬಹುದು ತಾತ. ಆದ್ರೆ ಕೇಳಿದ್ರೆ ಅವನು ಏನು ಹೇಳ್ತಾನೆ ಅಂತ ಇದರಲ್ಲಿಲ್ಲ" ಅಂದಳು.

ಆ ಮಂತ್ರ ನನಗೆ ಹೊಸದೇನಲ್ಲ. ನಮ್ಮ ಊರಿನಲ್ಲಿ ಎಲ್ಲರ ಹತ್ತಿರವೂ ಇತ್ತು. ನಿನ್ನ ಹತ್ತಿರವೂ ಇತ್ತೆಂದು ಗೊತ್ತಿರಲಿಲ್ಲ. ನನಗೆ ಒಂದನ್ನು ಹೇಳು. ಆ ಮಾತನ್ನು ಅಲ್ಲಿ ಹಾಕುವವರು ಯಾರು? ಆಟದ ನಿಯಮವೇ, ಕಂಪನಿಯೇ, ಇಲ್ಲ ನೀನೇ ಯೋಚಿಸಿ ಹಾಕಿದ್ದೋ?

ಅಪ್ಪ


ಮಿಲ್ ಲೇಕ್
8 ಮಾರ್ಚ್ 1981

ಅಪ್ಪನಿಗೆ,

ನಾನೇ ಹಾಕಿದ್ದು.

ಕಂಪನಿಯವರ ಮೇಲೆ ಹಾಕಲು ಎರಡು ಸಲ ಕಾಗದ ಬರೆದು ಹರಿದೆ. ಅಚ್ಚಿಗೆ ಕೊಡುವ ದಿನ ಹತ್ತಿರ ಬಂದಿತ್ತು, ಒಂದು ಊರಿನ ತುಂಬ ಜನ ಬೇಕಾಗಿತ್ತು, ಪ್ರತಿಯೊಬ್ಬರಿಗೂ ಒಂದು ರೂಪು, ಒಂದು ಆಯುಧ, ಒಂದು ಗುಟ್ಟು, ಕೊನೆಯಲ್ಲಿ ಸ್ವಭಾವ. ಸಜ್ಜನ, ಮಧ್ಯಸ್ಥ, ದುಷ್ಟ, ಈ ಮೂರರಲ್ಲಿ ಒಂದು. ಜನರನ್ನು ಹುಟ್ಟಿಸಲು ಹೊತ್ತಿಲ್ಲದೆ ನಮ್ಮ ಊರನ್ನೇ ಎತ್ತಿ ಇಟ್ಟೆ. ಈ ಕೆಲಸದವರೆಲ್ಲ ಹಾಗೆ ಮಾಡುತ್ತಾರೆ, ಅಕ್ಕಪಕ್ಕದವರನ್ನು ಕದ್ದು ತುಂಬುತ್ತಾರೆ, ಯಾರಿಗೆ ಗೊತ್ತಾಗಬೇಕು ಎನ್ನುತ್ತಾರೆ. ಇಲ್ಲಿಯವರೆಗಿನದು ಸೋಮಾರಿತನ. ಅದಕ್ಕೆ ಕ್ಷಮೆ ಇದೆ.

ಆದರೆ ಕಾವಲುಗಾರನಿಗೆ ಮೊದಲು 'ಮಧ್ಯಸ್ಥ' ಎಂದು ಬರೆದಿದ್ದೆ ಅಪ್ಪ. ಬರೆದು, ನೋಡಿ, ಹೊಡೆದುಹಾಕಿ, 'ದುಷ್ಟ' ಎಂದು ಬರೆದೆ. ಬರೆಯುವಾಗ ಹಿತವಾಯಿತು. ಅದನ್ನು ಹೇಳದಿದ್ದರೆ ಈ ಕಾಗದ ಬರೆದೂ ಪ್ರಯೋಜನವಿಲ್ಲ.

ಆ ಚಳಿಗಾಲ ನಾನು ಶಾಲೆಯಲ್ಲಿ ಊಟಕ್ಕೆ ಕೂತರೆ ಮೇಜಿನವರೆಲ್ಲ ತಟ್ಟೆ ಎತ್ತಿಕೊಂಡು ಏಳುತ್ತಿದ್ದರು. ಬಾಯಿ ಬಿಟ್ಟು ಬೈದವರಿಲ್ಲ. ಗೂಟಕ್ಕೆ ನೇತುಹಾಕಿದ ನನ್ನ ಕೋಟಿನ ಜೇಬಿಗೆ ಯಾರೋ ಚಿಲ್ಲರೆ ಕಾಸು ಹಾಕಿರುತ್ತಿದ್ದರು. ದಿನವೂ ಹಾಕುತ್ತಿದ್ದರು. ಅದನ್ನು ಹೊಳೆಗೆ ಎಸೆದು ಮನೆಗೆ ಬರುತ್ತಿದ್ದೆ. ನೀನು "ಇವತ್ತು ಏನಾಯ್ತು ಸ್ಕೂಲಲ್ಲಿ?" ಎನ್ನುತ್ತಿದ್ದೆ, ನಾನು "ಏನಿಲ್ಲ" ಎನ್ನುತ್ತಿದ್ದೆ. ಅದೇ ಪ್ರಶ್ನೆಯನ್ನು ನಾನು ನಿನಗೆ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ದುಡ್ಡು ತಿಂದದ್ದು ಹೌದು ಎಂದುಬಿಡುತ್ತೀಯೇನೋ ಎಂಬ ಭಯ. ಹಿಲ್ಜಾ ಅತ್ತೆ ಕೇಳಿದ್ದಾರೆ, ಬೆಳ್ಳಿಯ ಚೀಲದ ವಿಷಯ ನಿನಗೆ ಯಾರು ಹೇಳಿದರು ಎಂದು. ನನ್ನ ಕೋಟಿನ ಜೇಬು ಹೇಳಿತು. ಅದನ್ನೇ ನಿನ್ನ ಜೇಬಿಗೆ ಹಾಕಿದೆ.

ಪುಸ್ತಕ ಚೆನ್ನಾಗಿ ಮಾರಾಟವಾಗಿದೆಯಂತೆ, ಎರಡನೆಯ ಸಲ ಅಚ್ಚು ಹಾಕುತ್ತಾರೆ. ಆ ಪುಟ ಬದಲಿಸಲು ಒಪ್ಪಿಸಿದ್ದೇನೆ. ಕಾವಲುಗಾರನಿಗೆ ಹತ್ತೂ ಬೆರಳು ಕೊಡಬಹುದು, ಸಜ್ಜನ ಮಾಡಬಹುದು, ಅವನನ್ನೇ ತೆಗೆದುಹಾಕಬಹುದು. ಆದರೆ ಅದಕ್ಕೆ ಮೊದಲು ಐನೊನ ಮೊಮ್ಮಗ ಕೇಳದೆ ಬಿಟ್ಟದ್ದನ್ನು ನಾನು ಕೇಳುತ್ತಿದ್ದೇನೆ. ಹೇಳಲೇಬೇಕು ಎಂದಿಲ್ಲ.

ಅಪ್ಪ, ಆ ದಿನ ಗೇಟು ಯಾಕೆ ತೆಗೆದೆ?

ಇರ್ಮಾ


ರೌತಲಾ
19 ಏಪ್ರಿಲ್ 1981

ಮಗಳೇ,

ಕಾಸಿನ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಏನು ಮಾಡುತ್ತಿದ್ದೆನೋ ಅದೂ ಗೊತ್ತಿಲ್ಲ. ಅದನ್ನು ಓದಿದ ಮೇಲೆ ಬಹಳ ದಿನ ನನಗೆ ಪೆನ್ನು ಹಿಡಿಯಲಾಗಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ. ನಾಳೆ ಲಾರಿಗಳು ಬರುತ್ತವೆ ಎಂದು ಸುದ್ದಿ ಬಂದಿತ್ತು. ಅರ್ವೊ ಹಿಂದಿನ ದಿನ ಮನೆಗೆ ಬಂದ. "ಬೀಗದ ಕೈ ಕಳೆದೋಯ್ತು ಅಂದ್ಬಿಡು ವೈನೊ. ಅವ್ರು ಬೀಗ ಒಡೆಯೋದ್ರೊಳಗೆ ನಾವೆಲ್ಲ ಬಂದು ಗೇಟಿಗೆ ಅಡ್ಡ ನಿಲ್ತೀವಿ" ಅಂದ. "ಆಯ್ತು" ಅಂದೆ. ಅವನ ಕೈ ಹಿಡಿದು ಮಾತು ಕೊಟ್ಟೆ. ಕೊಡುವಾಗ ನಿಜವಾಗಿಯೇ ಕೊಟ್ಟೆ.

ಬೆಳಗ್ಗೆ ಮ್ಯಾನೇಜರ್ ಕಾರಿನಿಂದ ಇಳಿದು ಕಂಬಿಯ ಹತ್ತಿರ ಬಂದರು. ಅಷ್ಟು ವರ್ಷ ಆ ಗೇಟಿನಲ್ಲಿ ನಿಂತಿದ್ದೇನೆ, ಅವರ ಬಾಯಲ್ಲಿ ನಾನು "ಏ ಗೇಟು". "ಏ ಗೇಟು, ತೆಗಿ. ಏ ಗೇಟು, ಮುಚ್ಚು." ಅವತ್ತು ಕೈಗವಸು ತೆಗೆದು, ಕಂಬಿಯ ಸಂದಿಯಿಂದ ಕೈ ಚಾಚಿ, "ವೈನೊ, ಬಹಳ ಚಳಿ ಇದೆಯಲ್ಲಪ್ಪ, ಸ್ವಲ್ಪ ಬಾಗಿಲು ತೆಗಿ" ಅಂದರು.

ತೆಗೆದೆ.

ಹೆಸರನ್ನು ಯಾರನ್ನೋ ಕೇಳಿ ತಿಳಿದುಕೊಂಡು ಬಂದಿದ್ದರು ಎಂಬುದು ಲಾರಿಗಳು ಒಳಗೆ ಹೋದ ಮೇಲೆ ಹೊಳೆಯಿತು. ಮರುದಿನ ಮತ್ತೆ "ಏ ಗೇಟು". ಯಾರೂ ಒಂದು ಕಾಸು ಕೊಡಲಿಲ್ಲ. ಕೊಟ್ಟರು ಎಂದು ಊರು ಆಡಿಕೊಂಡಾಗ ನಾನು ಇಲ್ಲ ಅನ್ನಲಿಲ್ಲ. ಇಲ್ಲ ಅಂದರೆ ಮತ್ತೆ ಯಾಕೆ ತೆಗೆದೆ ಎಂದು ಕೇಳುತ್ತಾರೆ. ದುಡ್ಡಿಗೆ ಎಂದರೆ ಜನಕ್ಕೆ ಅರ್ಥವಾಗುತ್ತದೆ. ಇದನ್ನು ಹೇಗೆ ಹೇಳುವುದು?

ನಿನಗೆ ಬರೆಯುವ ಮೊದಲು ಹಿಲ್ಜಾಗೆ ಹೇಳಬೇಕು ಅನ್ನಿಸಿತು, ಅರ್ವೊಗೆ ಸಲ್ಲಬೇಕಾದದ್ದು ತಾನೇ. ಮೊನ್ನೆ ಹೋದೆ. ಕೂರು ಅನ್ನಲಿಲ್ಲ, ನಿಂತೇ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಿ ಕೇಳಿದಳು.

"ಅಷ್ಟೇನಾ?" ಅಂದಳು.

"ಅಷ್ಟೇ."

"ಹೆಸರು ಹಿಡಿದು ಕರೆದ್ರು ಅಂತ."

"ಹೂಂ."

"ದುಡ್ಡು ತಿಂದಿದ್ರೇ ಚೆನ್ನಾಗಿತ್ತು ಕಣೋ ವೈನೊ" ಅಂದಳು. "ನನ್ನ ಗಂಡ ದುಡ್ಡಿಗೆ ಸೋತ ಅಂತ ಆದ್ರೂ ಅಂದ್ಕೊಂಡಿದ್ದೆ."

ಟೋಪಿ ಹಾಕಿಕೊಂಡೆ. ಬಾಗಿಲಿಗೆ ಬಂದ ಮೇಲೆ ಹಿಂದಿನಿಂದ, "ಚರ್ಚಲ್ಲಿ ನಿನ್ನ ಕುರ್ಚಿ ಮೇಲೆ ಎಲ್ರೂ ಕೋಟು ಗುಡ್ಡೆ ಹಾಕ್ತಾರೆ, ನೋಡೋಕಾಗಲ್ಲ. ಬರೋದಾದ್ರೆ ಬಾ, ಇಲ್ಲಾಂದ್ರೆ ಬರಲ್ಲ ಅಂತ ಹೇಳು" ಅಂದಳು. ಇವತ್ತು ಈಸ್ಟರ್. ಬೂಟು ಹಾಕಿಕೊಂಡು ಅರ್ಧ ದಾರಿ ಹೋಗಿ ವಾಪಸು ಬಂದೆ. ನಾಚಿಕೆ ಕಣಮ್ಮ. ಗೇಟು ತೆಗೆದದ್ದಕ್ಕಿಂತ ಹೆಚ್ಚಾಗಿ ಈ ಕಾರಣದ್ದೇ ನಾಚಿಕೆ.

ಬೆರಳು ಹಾಗೇ ಇರಲಿ, ಇಲ್ಲದ್ದನ್ನು ಕೊಡಬೇಡ. ಸಜ್ಜನ ಮಾಡಬೇಡ. ಬೆಳ್ಳಿಯ ಚೀಲ ಮಾತ್ರ ತೆಗೆ.

ಅಪ್ಪ


ಮಿಲ್ ಲೇಕ್
27 ಏಪ್ರಿಲ್ 1981

ಅಪ್ಪನಿಗೆ,

ನಿನ್ನ ಕಾಗದ ಓದಿ ಮುಗಿಸಿ, ಕೆಲಸಕ್ಕೆ ಹೋಗಿ, ಪುಸ್ತಕ ತೆರೆದು ಆ ಪುಟ ತೆಗೆದೆ. ಬೆಳ್ಳಿಯ ಚೀಲ ಹೊಡೆದುಹಾಕಿದೆ. 'ಯಾಕೆ ಎಂದು ಕೇಳಿದರೆ' ಎಂದು ಒಂದು ಸಾಲು ಶುರುಮಾಡಿ, ಕಾವಲುಗಾರ ಹೇಳುವ ಉತ್ತರ ಬರೆಯಲು ಹೊರಟೆ. 'ನನ್ನ ಹೆಸರು ಹಿಡಿದು ಕರೆದರು' ಎನ್ನಬೇಕು ಅವನು. ಅಲ್ಲಿ ಕೈ ನಿಂತಿತು.

ಹಿಟ್ಟಿನ ಗಿರಣಿಯವನಿಗೆ ನಾನು ಹೆಸರಿಟ್ಟಿದ್ದೇನೆ. ಗಿರಣಿಯವನ ನಾಯಿಗೆ ಇಟ್ಟಿದ್ದೇನೆ. ಸೇತುವೆಯ ಕೆಳಗಿನ ರಕ್ಕಸನಿಗೆ ಉದ್ದದ್ದೊಂದು ಹೆಸರಿದೆ, ಅವನ ತಮ್ಮನಿಗೂ ಇದೆ. ಇಡೀ ಕಣಿವೆಯಲ್ಲಿ ಹೆಸರಿಲ್ಲದವನು ಒಬ್ಬನೇ. 'ಗೇಟಿನ ಕಾವಲುಗಾರ' ಎಂದಷ್ಟೇ ಬರೆದು ಮುಂದೆ ಹೋಗಿದ್ದೇನೆ. ನಾನೂ ನಿನ್ನನ್ನು ಗೇಟು ಎಂದೇ ಕರೆದೆ ಅಪ್ಪ.

ಪುಟವನ್ನು ಹಾಗೇ ಮುಚ್ಚಿಟ್ಟು ಬಂದಿದ್ದೇನೆ. ನಿನ್ನನ್ನು ಕೇಳದೆ ಇನ್ನು ಒಂದಕ್ಷರ ಬರೆಯುವುದಿಲ್ಲ.

ರಜೆ ಕೇಳಿದ್ದೇನೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಭಾನುವಾರ ಇಬ್ಬರೂ ಕಾಫಿಗೆ ಹೋಗೋಣ. ನಿನ್ನ ಕುರ್ಚಿಯ ಮೇಲಿನ ಕೋಟುಗಳನ್ನು ನಾನೇ ಎತ್ತಿಡುತ್ತೇನೆ. ನೀನು ಅಲ್ಲಿ ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ, ಹೇಳಬೇಕಾದವರಿಗೆ ಹೇಳಿಯಾಯಿತು. ನನ್ನದು ಬಾಕಿ ಇದೆ. ಅವರ ನಡುವೆ ನಿಂತು, ನನ್ನ ಅಪ್ಪ ದುಡ್ಡು ತಿಂದ ಎಂದು ಬರೆದವಳು ನಾನು, ಅವನನ್ನು ಒಂದು ಸಲವೂ ಕೇಳದೆ ಬರೆದೆ ಎಂದು ನಮ್ಮ ಫಿನ್ನಿಶಿನಲ್ಲಿ, ಐನೊಗೂ ಕೇಳಿಸುವ ಹಾಗೆ ಹೇಳಬೇಕು. ಅರ್ಧ ದಾರಿಯಲ್ಲಿ ನಾನು ವಾಪಸು ತಿರುಗಿದರೆ ತೋಳು ಹಿಡಿದು ಕರೆದುಕೊಂಡು ಹೋಗು.

ಇರ್ಮಾ